ಬೀಗದಕೈ ಯಾರ ಹತ್ರಾನೂ ಪೂರ್ತಿ ಇಲ್ಲ, ಆದ್ರೂ ಬೀಗ ತೆಗಿಯತ್ತೆ, ಹೆಂಗೆ?

ಹೋದ ವರ್ಷ ನಮ್ಮ ಮನೆ ವಾಟ್ಸಾಪ್ ಗ್ರೂಪಲ್ಲಿ ಅಣ್ಣ ಒಂದು ಪಿಡಿಎಫ್ ಹಾಕ್ದ. ಅಪ್ಪನ ಜಮೀನಿನ ವಿಭಾಗ ಪತ್ರದ ಡ್ರಾಫ್ಟು, ಸರ್ವೆ ನಂಬರು, ಎಲ್ಲರ ಆಧಾರ್ ನಂಬರು, ಯಾರಿಗೆ ಎಷ್ಟು ಗುಂಟೆ ಅನ್ನೋದೆಲ್ಲಾ ಅದ್ರಲ್ಲೇ ಇತ್ತು. "ಸೇಫಾಗಿರ್ಲಿ ಅಂತ ಪಾಸ್‌ವರ್ಡ್ ಹಾಕಿದೀನಿ" ಅಂತ ಬರೆದಿದ್ದ. ಅದರ ಕೆಳಗಿನ ಮೆಸೇಜೇ ಪಾಸ್‌ವರ್ಡು.

ನಗ್ಬೇಡಿ, ನಾವೆಲ್ಲರೂ ಇದನ್ನೇ ಮಾಡೋದು. ಆಧಾರ್ ಸೈಟಿಂದ ಡೌನ್‌ಲೋಡ್ ಮಾಡೋ ಪಿಡಿಎಫ್ ಪಾಸ್‌ವರ್ಡೇ ನೋಡಿ, ಹೆಸರಿನ ಮೊದಲ ನಾಲ್ಕು ಅಕ್ಷರ ಕ್ಯಾಪಿಟಲ್ಲಲ್ಲಿ, ಆಮೇಲೆ ಹುಟ್ಟಿದ ವರ್ಷ. ಹೆಸರು ಗೊತ್ತಿರೋ ಯಾರಾದ್ರೂ ನೂರು ಸಲ ಟ್ರೈ ಮಾಡಿದ್ರೆ ಸಾಕು, ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸೋ ಕೆಲಸ. ಹಂಗಂತ ಬೀಗ ಲೊಡ್ಡು ಅಂತಲ್ಲ. ಇವತ್ತು ಫೈಲುಗಳಿಗೆ ಹಾಕೋ ಎಇಎಸ್ ಅನ್ನೋ ಬೀಗ 2001ರಿಂದ ಅಮೆರಿಕದ ಸ್ಟ್ಯಾಂಡರ್ಡು, ಇಬ್ಬರು ಬೆಲ್ಜಿಯಂನೋರು ಮಾಡಿದ್ದು, ಸರಿಯಾಗಿ ಬಳಸಿದ್ರೆ ಅದನ್ನ ನೇರವಾಗಿ ಒಡೆಯೋ ದಾರಿ ಇನ್ನೂ ಯಾರಿಗೂ ಸಿಕ್ಕಿಲ್ಲ. ತಲೆನೋವಿರೋದು ಬೀಗದಲ್ಲಲ್ಲ, ಬೀಗದಕೈಯಲ್ಲಿ. ಅದನ್ನ ಯಾರ ಹತ್ರ ಇಡೋದು, ಯಾರಿಗೆ ಯಾವಾಗ ಕೊಡೋದು, ಇಟ್ಕೊಂಡೋರು ಕೈ ಕೊಟ್ರೆ ಏನ್ ಮಾಡೋದು.

ಇದಕ್ಕೆ ಹಳೇ ಉತ್ತರ ಒಂದಿದೆ. ಫೈಲಿಗೆ ಒಂದು ಕೀ ಹಾಕಿ ಲಾಕ್ ಮಾಡೋದು, ಆ ಕೀನ ಫೈಲ್ ತಗೊಳ್ಳೋರ ಪಬ್ಲಿಕ್ ಕೀಯಿಂದ ಇನ್ನೊಂದ್ಸಲ ಲಾಕ್ ಮಾಡಿ ಕಳಿಸೋದು. ಪಬ್ಲಿಕ್ ಕೀ ಅಂದ್ರೆ ಮನೆ ಮುಂದಿನ ಪೋಸ್ಟ್ ಡಬ್ಬಿ ಥರ, ಯಾರು ಬೇಕಾದ್ರೂ ಒಳಗೆ ಹಾಕ್ಬೋದು, ತೆಗಿಯೋದು ಮನೆಯವ್ರು ಮಾತ್ರ. 1991ರಲ್ಲಿ ಬಂದ ಪಿಜಿಪಿ ಅನ್ನೋ ಸಾಫ್ಟ್‌ವೇರ್ ಕೆಲಸ ಮಾಡೋದು ಹಿಂಗೇನೇ, ಚೆನ್ನಾಗೇ ಮಾಡತ್ತೆ. ಆದ್ರೆ ನಾಳೆ ಹೊಸಬರು ಒಬ್ರು ಸೇರಿದ್ರು ಅನ್ಕೊಳ್ಳಿ, ವಕೀಲ್ರು ಬದಲಾದ್ರು, ಅಕ್ಕನ ಮಗನಿಗೂ ತೋರಿಸ್ಬೇಕು ಅಂತಾಯ್ತು, ಆಗ ಫೈಲಿನ ಮೂಲ ಕೀ ಇರೋ ಮನುಷ್ಯ ಕೂತ್ಕೊಂಡು ಮತ್ತೆ ಹೊಸದಾಗಿ ಲಾಕ್ ಮಾಡಿ ಕಳಿಸ್ಬೇಕು. ಅವನು ಊರಲ್ಲಿಲ್ಲ ಅಂದ್ರೆ ಕೆಲಸ ನಿಲ್ತು. ಅವನು ತೀರ್ಕೊಂಡ ಅಂದ್ರೆ ಫೈಲೂ ಅವನ ಜೊತೆಗೇ ಹೋಯ್ತು. ಸರಿ, ಕೀನ ಒಂದು ಸರ್ವರ್ರಲ್ಲಿ ಇಡೋಣ, ಅದು ಕೇಳಿದೋರಿಗೆ ಕೊಡ್ಲಿ ಅಂದ್ರೆ, ಆ ಸರ್ವರ್ ನೋಡ್ಕೊಳ್ಳೋ ಅಡ್ಮಿನ್ ಎಲ್ಲರ ಫೈಲೂ ಓದ್ಬೋದು.

ಬ್ಯಾಂಕ್ ಲಾಕರ್ ಇಟ್ಟೋರಿಗೆ ಇದರ ಅರ್ಧ ಉತ್ತರ ಆಗ್ಲೇ ಗೊತ್ತಿರತ್ತೆ. ನಿಮ್ ಕೀ ಒಂದು, ಬ್ಯಾಂಕಿನ ಕೀ ಒಂದು, ಎರಡೂ ತಿರುಗಿಸಿದ್ರೇನೇ ಬಾಗಿಲು ತೆಗಿಯೋದು. ಒಳ್ಳೇ ಐಡಿಯಾನೇ, ಆದ್ರೆ ಎರಡರಲ್ಲಿ ಒಂದು ಕಳೆದ್ರೂ ಡ್ರಿಲ್ಲೇ ಗತಿ. ಪುರಿ ಜಗನ್ನಾಥ ದೇವಸ್ಥಾನದ ರತ್ನ ಭಂಡಾರದ ಒಳಕೋಣೆ ಬೀಗದಕೈ ಕಾಣ್ತಿಲ್ಲ ಅಂತ 2018ರಲ್ಲಿ ದೊಡ್ಡ ಗಲಾಟೆ ಆಯ್ತಲ್ಲ, ಕೊನೆಗೆ 2024ರ ಜುಲೈಯಲ್ಲಿ ಬೀಗ ಒಡೆದೇ ಒಳಗೆ ಹೋಗಿದ್ದು. ಅಂದ್ರೆ ನಮಗೆ ಬೇಕಾಗಿರೋದು "ಎಲ್ಲರೂ ಸೇರಿದ್ರೆ ಮಾತ್ರ" ಅನ್ನೋದಲ್ಲ, "ಐದು ಜನದಲ್ಲಿ ಯಾರಾದ್ರೂ ಮೂರು ಜನ ಸೇರಿದ್ರೆ ಸಾಕು, ಇಬ್ಬರಿಂದ ಮಾತ್ರ ಏನೂ ಆಗಲ್ಲ" ಅನ್ನೋಥರದ್ದು.

ಇದನ್ನ 1979ರಲ್ಲಿ ಆದಿ ಶಮೀರ್ ಅನ್ನೋ ಇಸ್ರೇಲಿ ಗಣಿತಜ್ಞ ಬರೀ ಎರಡು ಪುಟದಷ್ಟು ಲೇಖನದಲ್ಲಿ ಬರೆದಿಟ್ರು, ಆರ್‌ಎಸ್‌ಎ ಅನ್ನೋ ಹೆಸರುವಾಸಿ ಪಬ್ಲಿಕ್ ಕೀ ಬೀಗ ಇದೆಯಲ್ಲ, ಅದರ ನಡುವಿನ ಎಸ್ ಇವರೇ. ಅದೇ ವರ್ಷ ಜಾರ್ಜ್ ಬ್ಲ್ಯಾಕ್ಲಿ ಅನ್ನೋರೂ ತಮ್ಮ ಪಾಡಿಗೆ ತಾವು ಬೇರೆ ದಾರೀಲಿ ಇದನ್ನೇ ಕಂಡುಹಿಡಿದಿದ್ರು. ಶಮೀರ್ ದಾರಿ ಹೈಸ್ಕೂಲ್ ಗ್ರಾಫ್ ಶೀಟಲ್ಲೇ ಅರ್ಥ ಆಗತ್ತೆ, ಮಾಡಿ ನೋಡೋಣ.

ನಮ್ಮ ಗುಟ್ಟಿನ ಸಂಖ್ಯೆ 42 ಅಂತಿಟ್ಕೊಳ್ಳಿ. ಇನ್ನೊಂದು ಸಂಖ್ಯೆ ಸುಮ್ನೆ ಮನಸ್ಸಿಗೆ ಬಂದಂಗೆ ಆರಿಸ್ಕೊಳ್ಳೋದು, 17 ಅನ್ನಿ. ಈಗ 42ರಿಂದ ಶುರುವಾಗಿ ಪ್ರತಿ ಹೆಜ್ಜೆಗೂ 17 ಏರೋ ಒಂದು ಗೆರೆ ಎಳೀರಿ. ಒಂದನೇ ಹೆಜ್ಜೇಲಿ 59, ಎರಡನೇದ್ರಲ್ಲಿ 76, ಮೂರನೇದ್ರಲ್ಲಿ 93. ಅಕ್ಕನಿಗೆ "1, 59" ಅಂತ ಚೀಟಿ ಕೊಡಿ, ಅಣ್ಣನಿಗೆ "2, 76", ನಿಮಗೆ "3, 93". 42, 17 ಬರೆದಿದ್ದ ಹಾಳೆ ಸುಟ್ಬಿಡಿ. ಒಂದು ಚುಕ್ಕಿ ಮೇಲೆ ಎಷ್ಟು ಗೆರೆ ಬೇಕಾದ್ರೂ ಎಳೀಬೋದು, ಹಂಗಾಗಿ ಅಕ್ಕ ಒಬ್ಳೇ ಕೂತು ಎಷ್ಟು ತಲೆ ಕೆರ್ಕೊಂಡ್ರೂ ಗೆರೆ ಎಲ್ಲಿಂದ ಶುರುವಾಯ್ತು ಅಂತ ಗೊತ್ತಾಗಲ್ಲ. ಆದ್ರೆ ಎರಡು ಚುಕ್ಕಿ ಸಿಕ್ರೆ ಗೆರೆ ಒಂದೇ. ಅಕ್ಕ ಅಣ್ಣ ಸೇರಿದ್ರೆ 59ರ ಎರಡರಷ್ಟು 118, ಅದರಲ್ಲಿ 76 ಕಳೆದ್ರೆ 42 ಬಂತು. ಅಕ್ಕ ನೀವು ಸೇರಿದ್ರೂ ಬರತ್ತೆ, ಅಣ್ಣ ನೀವು ಸೇರಿದ್ರೂ ಬರತ್ತೆ. ಮೂರು ಜನ ಸೇರ್ಲೇಬೇಕು ಅಂತಿದ್ರೆ ನೇರ ಗೆರೆ ಬದಲು ಬಾಗಿರೋ ಗೆರೆ, ಪ್ಯಾರಾಬೋಲಾ, ಅದನ್ನ ಗುರುತಿಸೋಕೆ ಮೂರು ಚುಕ್ಕಿ ಬೇಕು. ನಾಲ್ಕು ಜನ ಅಂದ್ರೆ ಇನ್ನೂ ಒಂದು ಬಾಗು ಜಾಸ್ತಿ. ಅಷ್ಟೇ ಕಣ್ರೀ, ಇಡೀ ತಂತ್ರ ಇಷ್ಟೇ.

ಒಂದು ಸಣ್ಣ ಕ್ಯಾತೆ ಇದೆ, ಹುಷಾರಿರೋರು ಆಗ್ಲೇ ಗಮನಿಸಿರ್ತೀರ: ಗೆರೆ ಮೇಲಕ್ಕೇ ಏರತ್ತೆ ಅಂತ ಗೊತ್ತಿದ್ರೆ ಅಕ್ಕನಿಗೆ ಗುಟ್ಟು 59ಕ್ಕಿಂತ ಕಮ್ಮಿ ಅಂತಾದ್ರೂ ಗೊತ್ತಾಯ್ತಲ್ಲ. ಅದಕ್ಕೇ ನಿಜವಾದ ಲೆಕ್ಕ ಗಡಿಯಾರದ ಥರ ಸುತ್ತೋ ಸಂಖ್ಯೆಗಳಲ್ಲಿ ನಡೆಯೋದು, ಹನ್ನೆರಡಾದ್ಮೇಲೆ ಮತ್ತೆ ಒಂದು ಬರತ್ತಲ್ಲ ಹಂಗೆ, ಗಡಿಯಾರದಲ್ಲಿ ಹನ್ನೆರಡಲ್ಲ, ಸುಮಾರು 77 ಅಂಕೆಯಷ್ಟು ಉದ್ದದ ಒಂದು ಅವಿಭಾಜ್ಯ ಸಂಖ್ಯೆ ಇರತ್ತೆ. ಆಗ ಒಂದು ಚೀಟಿಯಿಂದ ಗುಟ್ಟಿನ ಬಗ್ಗೆ ಚೂರೂ ಸುಳಿವು ಸಿಗಲ್ಲ, ಸೊನ್ನೆ. ಎಷ್ಟೇ ದೊಡ್ಡ ಕಂಪ್ಯೂಟರ್ ಇಟ್ರೂ, ನಾಳೆ ಕ್ವಾಂಟಮ್ ಕಂಪ್ಯೂಟರ್ರೇ ಬಂದ್ರೂ ಸೊನ್ನೇನೇ, ಯಾಕಂದ್ರೆ ಕಂಡುಹಿಡಿಯೋಕೆ ಅಲ್ಲಿ ಏನೂ ಇಲ್ವೇ ಇಲ್ಲ.

ಇದು ಬರೀ ಪುಸ್ತಕದ ಬದನೆಕಾಯಿ ಅನ್ಕೋಬೇಡಿ. ಇಂಟರ್ನೆಟ್ಟಿನ ವಿಳಾಸ ಪುಸ್ತಕ ಅಂತಾರಲ್ಲ, ಡಿಎನ್‌ಎಸ್, ಅದರ ಬುಡದ ಕೀ 2010ರ ಜೂನಲ್ಲಿ ಅಮೆರಿಕದ ವರ್ಜೀನಿಯಾದ ಕಲ್ಪೆಪರ್ ಅನ್ನೋ ಊರಲ್ಲಿ ಒಂದು ಸಮಾರಂಭದ ಥರಾನೇ ಮಾಡಿ ಹುಟ್ಟಿಸಿದ್ರು. ಆ ಕೀಯ ಬ್ಯಾಕಪ್ ಬಿಚ್ಚೋಕೆ ಬೇಕಾದ ಚೂರುಗಳು ಸ್ಮಾರ್ಟ್ ಕಾರ್ಡಲ್ಲಿ ಬೇರೆ ಬೇರೆ ದೇಶದ ಏಳು ಜನರ ಹತ್ರ ಇರತ್ತೆ, ಏಳರಲ್ಲಿ ಐದು ಜನ ಬಂದ್ರೆ ಸಾಕು.

ಸರಿ, ಇಲ್ಲೊಂದು ತೂತು ಉಳ್ಕೊಂಡಿದೆ. ಚೀಟಿ ಬರ್ಕೊಟ್ಟ ಮನುಷ್ಯ 42 ನೋಡಿರ್ತಾನೆ. ಹಾಳೆ ಸುಟ್ಟ ಅಂತ ಅವನು ಹೇಳಿದ್ದು, ನಿಜವಾಗ್ಲೂ ಸುಟ್ಟಿದಾನಾ? ಇದಕ್ಕಿರೋ ಉತ್ತರ ನನಗೆ ಇಡೀ ವಿಷಯದಲ್ಲೇ ತುಂಬಾ ಇಷ್ಟ, ಯಾರೂ ನೋಡದೇ ಇರೋ ಕೀನ ಎಲ್ಲರೂ ಸೇರಿ ಹುಟ್ಟಿಸೋದು. ಮೈಸೂರು, ಹುಬ್ಬಳ್ಳಿ, ಮಂಗಳೂರಲ್ಲಿ ಮೂರು ಕಂಪ್ಯೂಟರ್ ಇದೆ ಅನ್ಕೊಳ್ಳಿ. ಪ್ರತಿಯೊಂದೂ ತನ್ನದೇ ಒಂದು ಗೆರೆ ಗುಟ್ಟಾಗಿ ಎಳ್ಕೊಳತ್ತೆ. ಮೈಸೂರಿನದು 10ರಿಂದ ಶುರು, ಹೆಜ್ಜೆಗೆ 3. ಹುಬ್ಬಳ್ಳಿದು 20ರಿಂದ, ಹೆಜ್ಜೆಗೆ 5. ಮಂಗಳೂರಿನದು 12ರಿಂದ, ಹೆಜ್ಜೆಗೆ 9. ತಮ್ಮ ಗೆರೆಯ ಒಂದನೇ ಚುಕ್ಕಿನ ಎಲ್ಲರೂ ಮೈಸೂರಿಗೆ ಕಳಿಸ್ತಾರೆ, ಎರಡನೇದು ಹುಬ್ಬಳ್ಳಿಗೆ, ಮೂರನೇದು ಮಂಗಳೂರಿಗೆ. ಮೈಸೂರಿನ ಹತ್ರ ತನ್ನ 13, ಹುಬ್ಬಳ್ಳಿಯಿಂದ ಬಂದ 25, ಮಂಗಳೂರಿಂದ ಬಂದ 21, ಕೂಡಿದ್ರೆ 59. ಹುಬ್ಬಳ್ಳೀಲಿ 16, 30, 30 ಸೇರಿ 76. ಮಂಗಳೂರಲ್ಲಿ 19, 35, 39 ಸೇರಿ 93. ನೋಡಿದ್ರಾ, ಮೇಲಿನ ಅದೇ ಚೀಟಿಗಳು! 10, 20, 12 ಕೂಡಿದ್ರೆ 42 ಬರತ್ತೆ, ಆದ್ರೆ ಆ ಮೂರನ್ನ ಯಾರೂ ಒಂದು ಕಡೆ ಕೂಡೇ ಇಲ್ಲ. ಬೀಗದಕೈ ಹುಟ್ತು, ಆದ್ರೆ ಅದನ್ನ ಭೂಮಿ ಮೇಲೆ ಒಬ್ರೂ ನೋಡಿಲ್ಲ. ಯಾರಾದ್ರೂ ಸುಳ್ಳು ಚುಕ್ಕಿ ಕಳಿಸಿದ್ರೆ ಹಿಡಿಯೋಕೂ ದಾರಿ ಇದೆ, 1987ರಲ್ಲಿ ಪಾಲ್ ಫೆಲ್ಡ್‌ಮನ್ ಕೊಟ್ಟಿದ್ದು, ಎಲ್ಲರೂ ತಮ್ಮ ಗೆರೆಯ ಒಂದು ಥರದ ಹೆಬ್ಬೆಟ್ಟನ್ನ ಬಹಿರಂಗವಾಗಿ ಒತ್ಬೇಕು, ಚುಕ್ಕಿ ಅದಕ್ಕೆ ಹೊಂದಿಲ್ಲ ಅಂದ್ರೆ ಸಿಕ್ಕಿಬಿದ್ದ ಹಾಗೇ.

ಇಷ್ಟು ಹೊತ್ತು ಬ್ಲಾಕ್‌ಚೈನ್ ಅನ್ನೋ ಮಾತೇ ಬಂದಿಲ್ಲ ನೋಡಿ. ಬೇಕು ಅಂತಾನೇ. ಮಾರೋಕೆ ಬರೋರು ಅದರಿಂದ ಶುರು ಮಾಡ್ತಾರೆ, ಆದ್ರೆ ಅದಕ್ಕೆ ಇಲ್ಲಿ ಇರೋದು ಒಂದೇ ಒಂದು ಕೆಲಸ, ರಿಜಿಸ್ಟರ್ ಪುಸ್ತಕದ್ದು. ಚೂರು ಇಟ್ಕೊಂಡಿರೋ ಮೂರು ಊರಿನ ಕಂಪ್ಯೂಟರ್‌ಗಳಿಗೆ ಯಾರೋ ಬಂದು "ನನಗೆ ಈ ಫೈಲಿನ ಕೀ ಕೊಡಿ" ಅಂದಾಗ, ಕೊಡ್ಬೋದಾ ಬೇಡ್ವಾ ಅಂತ ಅವಕ್ಕೆ ಯಾರು ಹೇಳೋದು? ಒಂದು ಸರ್ವರ್ ಹೇಳಿದ್ರೆ ಮತ್ತೆ ಆ ಅಡ್ಮಿನ್ನೇ ರಾಜ, ಇಷ್ಟೆಲ್ಲಾ ಮಾಡಿದ್ದು ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು. ಅದರ ಬದಲು ಆ ಪಟ್ಟಿ ಎಲ್ಲರಿಗೂ ಕಾಣೋ, ಯಾರೂ ರಾತ್ರೋರಾತ್ರಿ ತಿದ್ದೋಕಾಗದ ಒಂದು ಪುಸ್ತಕದಲ್ಲಿದ್ರೆ, ಪ್ರತಿ ಕಂಪ್ಯೂಟರ್ರೂ ತನ್ನ ಹತ್ರ ಇರೋ ಪ್ರತಿನೇ ತೆಗೆದು ನೋಡಿ ತಾನೇ ನಿರ್ಧಾರ ಮಾಡ್ಬೋದು. ಆ ಪುಸ್ತಕ ಬ್ಲಾಕ್‌ಚೈನು. ಅದರೊಳಗೆ ಪಟ್ಟಿ ನೋಡ್ಕೊಳ್ಳೋ ಪುಟ್ಟ ಪ್ರೋಗ್ರಾಮು ಸ್ಮಾರ್ಟ್ ಕಾಂಟ್ರಾಕ್ಟು.

ನಿಜವಾದ ಉದಾಹರಣೆ ಹೇಳ್ತೀನಿ. ಇಥೀರಿಯಂ ಅನ್ನೋ ಬ್ಲಾಕ್‌ಚೈನ್ ಶುರು ಮಾಡಿದೋರಲ್ಲಿ ಒಬ್ಬರಾದ ಗ್ಯಾವಿನ್ ವುಡ್ ಅವರ ಕಂಪನಿ ಪ್ಯಾರಿಟಿ. ಅದರ ಇಥೀರಿಯಂ ಸಾಫ್ಟ್‌ವೇರಲ್ಲಿ ಸೀಕ್ರೆಟ್ ಸ್ಟೋರ್ ಅಂತ ಒಂದು ಭಾಗ ಇತ್ತು. ನೀವು ಫೈಲಿಗೆ ಒಂದು ನಂಬರ್ ಕೊಟ್ಟು ಸ್ಟೋರಿನ ನೋಡ್‌ಗಳಿಗೆ, ಅಂದ್ರೆ ಚೂರು ಇಟ್ಕೊಳ್ಳೋ ಕಂಪ್ಯೂಟರ್‌ಗಳಿಗೆ ಹೇಳ್ಬೇಕು, ಅವು ಈಗ ನೋಡಿದ ಹಾಗೇ ಸೇರಿ ಒಂದು ಕೀ ಹುಟ್ಟಿಸಿ ಅದರ ಪಬ್ಲಿಕ್ ಭಾಗ ಮಾತ್ರ ನಿಮಗೆ ಕೊಡ್ತವೆ. ಫೈಲನ್ನ ಲಾಕ್ ಮಾಡಿದ ಕೀನ ನೀವು ಆ ಪಬ್ಲಿಕ್ ಭಾಗದಿಂದ ಮುಚ್ಚಿ ನೋಡ್‌ಗಳ ಹತ್ರ ಬಿಡ್ತೀರ. ಫೈಲನ್ನ ಈಮೇಲಲ್ಲಾದ್ರೂ ಕಳ್ಸಿ, ಪೆನ್‌ಡ್ರೈವಲ್ಲಾದ್ರೂ ಕೊಡಿ, ಅದಕ್ಕೇನೂ ಭಯ ಇಲ್ಲ. ಅಕ್ಕನಿಗೆ ಫೈಲ್ ಬಂತು, ಅವಳು ಆ ಫೈಲಿನ ನಂಬರಿಗೆ ತನ್ನ ಇಥೀರಿಯಂ ಕೀಯಿಂದ ಸಹಿ ಹಾಕಿ ಒಂದು ನೋಡನ್ನ ಕೇಳ್ತಾಳೆ, ಅದು ಮಿಕ್ಕ ನೋಡ್‌ಗಳನ್ನ ಕರೆಯತ್ತೆ, ಪ್ರತಿಯೊಂದೂ ಬೇರೆ ಬೇರೆಯಾಗಿ ಕಾಂಟ್ರಾಕ್ಟ್ ನೋಡಿ "ಈ ವಿಳಾಸಕ್ಕೆ ಈ ಫೈಲ್ ತೋರಿಸ್ಬೋದಾ?" ಅಂತ ಕೇಳತ್ತೆ. ಹೌದು ಅಂದ್ರೆ ಮಾತ್ರ ಮುಂದಿನ ಕೆಲಸ.

ಮುಂದಿನ ಕೆಲಸದಲ್ಲೂ ಒಂದು ಚೆಂದ ಇದೆ. ನೋಡ್‌ಗಳು ತಮ್ಮ ಚೂರನ್ನ ಅಕ್ಕನಿಗೆ ಕೊಡಲ್ಲ, ಒಂದಕ್ಕೊಂದು ತೋರಿಸೋದೂ ಇಲ್ಲ. ಕೊಟ್ಬಿಟ್ರೆ 42 ಅವಳಿಗೆ ಗೊತ್ತಾಗಿ ಹೋಯ್ತಲ್ಲ. "59ರ ಎರಡರಷ್ಟು, ಮೈನಸ್ 76" ಅನ್ನೋ ಲೆಕ್ಕದಲ್ಲಿ ಮೈಸೂರು ತನ್ನ ಪಾಲನ್ನ ತಾನೇ ಮಾಡತ್ತೆ, ಹುಬ್ಬಳ್ಳಿ ತನ್ನ ಪಾಲನ್ನ ತಾನೇ ಮಾಡತ್ತೆ, ಅದೂ ಬರೀ ಸಂಖ್ಯೆಯಲ್ಲಲ್ಲ, ಎಲಿಪ್ಟಿಕ್ ಕರ್ವ್ ಅನ್ನೋ ಮುಸುಕಿನೊಳಗೆ, ಹಿಂದಕ್ಕೆ ಬಿಡಿಸೋಕಾಗದ ಥರ. ಆ ಉತ್ತರಗಳನ್ನ ಅಕ್ಕನ ಪಬ್ಲಿಕ್ ಕೀಯಿಂದ ಮುಚ್ಚಿ ಕಳಿಸ್ತವೆ, ಅವಳ ಫೋನಲ್ಲೋ ಲ್ಯಾಪ್‌ಟಾಪಲ್ಲೋ ಎರಡೂ ಸೇರಿ ಆ ಒಂದು ಫೈಲಿನ ಕೀ ಮಾತ್ರ ಹೊರಗೆ ಬರತ್ತೆ. ದೊಡ್ಡ ಗುಟ್ಟು ಎಲ್ಲಿತ್ತೋ ಅಲ್ಲೇ ಚೂರುಚೂರಾಗೇ ಉಳಿಯತ್ತೆ.

ಪ್ಯಾರಿಟಿಯ ಲೆಕ್ಕದಲ್ಲಿ ಒಂದು ಕಿರಿಕಿರಿ ಇತ್ತು, ಎಷ್ಟು ನೋಡ್ ಸೇರ್ಬೇಕು ಅಂತ ಹೇಳೋ ಥ್ರೆಶೋಲ್ಡ್ ಅನ್ನೋ ಸಂಖ್ಯೆ 2 ಅಂತ ಕೊಟ್ರೆ ಮೂರು ನೋಡ್ ಬೇಕು, ಒಂದು ಸೇರಿಸಿಯೇ ಎಣಿಸ್ಬೇಕು. ಎಷ್ಟು ಜನ ಇದರಲ್ಲಿ ಎಡವಿರ್ಬೋದೋ! ಆ ಸಾಫ್ಟ್‌ವೇರ್ ಆಮೇಲೆ ಓಪನ್‌ಇಥೀರಿಯಂ ಅಂತ ಬೇರೆಯವರ ಕೈಗೆ ಹೋಗಿ 2022ರಲ್ಲಿ ಕೆಲಸ ನಿಲ್ಲಿಸ್ತು. ಇದೇ ಕೆಲಸಕ್ಕೆ ನ್ಯೂಸೈಫರ್ ಅನ್ನೋ ಇನ್ನೊಂದು ಯೋಜನೆ ಬೇರೆ ದಾರಿ ಹಿಡಿದಿತ್ತು, ಅದರಲ್ಲಿ ನೋಡ್‌ಗಳಿಗೆಲ್ಲಾ ಅರ್ಸುಲಾ ಅಂತ ಹೆಸರು. ಫೈಲ್ ಕೊಡೋರು ಆಲಿಸ್, ತಗೊಳ್ಳೋರು ಬಾಬ್ ಅನ್ನಿ, ಆಲಿಸ್‌ಗೆ ಅಂತ ಮುಚ್ಚಿದ ಕೀನ ಅರ್ಸುಲಾಗಳು ಒಳಗೇನಿದೆ ಅಂತ ನೋಡದೇನೇ ಬಾಬ್‌ಗೆ ಅಂತ ಮುಚ್ಚಿದ ಕೀಯಾಗಿ ಬದಲಾಯಿಸ್ತಾರೆ, ಕವರ್ ಒಡೆಯದೇ ಮೇಲಿನ ವಿಳಾಸ ತಿದ್ದಿದಂಗೆ. ಅದರ ನೆಟ್‌ವರ್ಕ್ 2020ರಲ್ಲಿ ಶುರುವಾಗಿ ಆಮೇಲೆ ಕೀಪ್ ಅನ್ನೋ ಯೋಜನೆ ಜೊತೆ ಸೇರಿ ಥ್ರೆಶೋಲ್ಡ್ ಅಂತಾಯ್ತು.

ಫೈಲೇ ಬ್ಲಾಕ್‌ಚೈನಲ್ಲಿ ಇಡೋದಲ್ವಾ ಅಂತ ತುಂಬಾ ಜನ ಕೇಳ್ತಾರೆ. ಇಲ್ಲ ಸ್ವಾಮಿ. ಇಥೀರಿಯಂ ಕಾಂಟ್ರಾಕ್ಟ್ ಒಳಗೆ 32 ಬೈಟ್ ಹೊಸದಾಗಿ ಬರೆದಿಡೋಕೆ ಸುಮಾರು 20,000 ಗ್ಯಾಸ್ ಆಗತ್ತೆ (ಗ್ಯಾಸ್ ಅಂದ್ರೆ ಅಲ್ಲಿ ಕೆಲಸದ ಖರ್ಚು ಅಳೆಯೋ ಲೆಕ್ಕ), ಹಂಗೆ ನೋಡಿದ್ರೆ ಒಂದು ಎಂಬಿ ಫೈಲಿಗೆ 65 ಕೋಟಿ ಗ್ಯಾಸ್, ಎಷ್ಟೋ ವರ್ಷ ಒಂದು ಬ್ಲಾಕಿನ, ಅಂದ್ರೆ ಆ ಪುಸ್ತಕದ ಒಂದು ಪುಟದ ಮಿತಿ ಇದ್ದಿದ್ದೇ 3 ಕೋಟಿ. ದುಡ್ಡಿನ ಮಾತು ಬಿಡಿ, ಅಲ್ಲಿಟ್ಟಿದ್ದು ಲೋಕದ ತುಂಬಾ ಪ್ರತಿಯಾಗಿ ಉಳ್ಕೊಳತ್ತೆ, ಇವತ್ತು ಒಡೆಯೋಕಾಗದ ಬೀಗ ಇಪ್ಪತ್ತು ವರ್ಷ ಬಿಟ್ಟು ಒಡೆದ್ರೆ ಅಳಿಸೋಕೆ ಯಾರ ಕೈಲೂ ಆಗಲ್ಲ. ಕ್ವಾಂಟಮ್ ಭಯ ಇಲ್ಲಿ ನಿಜ, ಚೀಟಿಗಳಿಗಲ್ಲ, ಸುತ್ತಿದ ಎಲಿಪ್ಟಿಕ್ ಕರ್ವ್ ಮುಸುಕಿಗೆ. ಅದಕ್ಕೆ ಚೈನಲ್ಲಿ ಇಡೋದು ಯಾರಿಗೆ ಅನುಮತಿ ಅನ್ನೋದು, ಫೈಲ್ ಬದಲಾಗಿಲ್ಲ ಅಂತ ತೋರಿಸೋ ಹ್ಯಾಶ್, ಇಷ್ಟೇ.

ಅನುಮತಿಗೆ ಶರತ್ತನ್ನೂ ಹಾಕ್ಬೋದು, ಇದು ನಮ್ಮ ಕಡೆ ನೆನೆಸ್ಕೊಳ್ಳೋ ವಿಷಯ. 2016ರಲ್ಲಿ ನಮ್ಮ ದ್ವಿತೀಯ ಪಿಯುಸಿ ಕೆಮಿಸ್ಟ್ರಿ ಪೇಪರ್ ಮಾರ್ಚ್ 21ಕ್ಕೆ ಲೀಕಾಯ್ತು, ಮರುಪರೀಕ್ಷೆ 31ಕ್ಕೆ ಇಟ್ರು, ಅದೂ ಲೀಕಾಯ್ತು, ಮಕ್ಕಳು ರೋಡಿಗೆ ಇಳಿದ್ರು. "ಬೆಳಿಗ್ಗೆ ಒಂಬತ್ತೂವರೆಗಿಂತ ಮುಂಚೆ ಯಾರು ಕೇಳಿದ್ರೂ ಕೊಡಬೇಡಿ" ಅಂತ ಕಾಂಟ್ರಾಕ್ಟಲ್ಲಿ ಬರೆದು, ಚೂರುಗಳನ್ನ ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಏಳು ಕಡೆ ಇಟ್ರೆ, ಫೈಲ್ ಹಿಂದಿನ ದಿನಾನೇ ಎಲ್ಲಾ ಸೆಂಟರಿಗೂ ಹೋಗಿದ್ರೂ ಯಾರಿಗೂ ಓದೋಕಾಗಲ್ಲ. ಆದ್ರೆ ಪೇಪರ್ ಬರೆದ ಮೇಷ್ಟ್ರು ಮೊದಲೇ ನೋಡಿರ್ತಾರಲ್ಲ, ಅದಕ್ಕೆ ಯಾವ ಗಣಿತಾನೂ ಇಲ್ಲ.

ಇನ್ನು ಇದು ಎಲ್ಲಿ ಮುರಿಯತ್ತೆ ಅನ್ನೋದು. ಐದರಲ್ಲಿ ಮೂರು ನೋಡ್ ಇಟ್ಕೊಂಡೋರು ಒಳಗೊಳಗೇ ಸೇರ್ಕೊಂಡ್ರೆ ಅವರು ಕಾಂಟ್ರಾಕ್ಟ್ ಕೇಳ್ಬೇಕು ಅಂತೇನಿಲ್ಲ, ಸುಮ್ನೆ ಚೂರು ಸೇರಿಸಿ ಕೀ ತೆಗೆದು ಫೈಲ್ ಓದ್ಬೋದು, ಚೈನಲ್ಲಿ ಒಂದು ಗೆರೇನೂ ಬೀಳಲ್ಲ, ನಿಮಗೆ ಗೊತ್ತೂ ಆಗಲ್ಲ. ಬ್ಲಾಕ್‌ಚೈನ್ ಇದೆ ಅಂತ ಎಲ್ಲಾ ದಾಖಲಾಗತ್ತೆ ಅನ್ಕೊಂಡಿರೋರಿಗೆ ಇದು ಗೊತ್ತೇ ಇರಲ್ಲ. ನಾನು ಒಂದು ಸಲ ಒಂದು ಆಫೀಸಲ್ಲಿ ಇಂಥ ಒಂದು ವ್ಯವಸ್ಥೆಯ ಡೆಮೊ ನೋಡ್ದೆ, ಐದು ನೋಡು, ಸ್ಕ್ರೀನ್ ಮೇಲೆ ಹಸಿರು ದೀಪ, ಭಾರಿ ಚೆಂದ. ಈ ಐದೂ ಎಲ್ಲಿ ಓಡ್ತಿದೆ ಅಂತ ಕೇಳಿದ್ರೆ ಒಂದೇ ಕ್ಲೌಡ್ ಅಕೌಂಟು, ಒಬ್ಬನೇ ಹುಡುಗನ ಲಾಗಿನ್ನು! ಅವನು ಊಟಕ್ಕೆ ಹೋಗಿದ್ದ. ಮೂರು ಬೀಗ ಹಾಕಿ ಮೂರೂ ಕೀ ಒಂದೇ ಮೊಳೆಗೆ ನೇತು ಹಾಕಿದಂಗೆ ಅದು. ನೀವು ಯಾವತ್ತಾದ್ರೂ ಇಂಥದ್ದನ್ನ ಕೊಂಡ್ಕೊಳ್ಳೋ ಮೀಟಿಂಗಲ್ಲಿ ಕೂತ್ರೆ ಅಲ್ಗಾರಿದಮ್ ಹೆಸರು ಕೇಳ್ಬೇಡಿ, ಚೂರು ಇಟ್ಕೊಳ್ಳೋರು ಯಾರ್ಯಾರು, ಅವರಿಗೆ ಸಂಬಳ ಕೊಡೋರು ಯಾರು ಅಂತ ಕೇಳಿ.

ಕೊಟ್ಟಿದ್ದನ್ನ ವಾಪಸ್ ತಗೊಳ್ಳೋಕೂ ಆಗಲ್ಲ. ಪಟ್ಟಿಯಿಂದ ಹೆಸರು ತೆಗೆದ್ರೆ ಇನ್ಮುಂದೆ ಕೀ ಸಿಗಲ್ಲ, ನಿಜ, ಆದ್ರೆ ನಿನ್ನೆ ಓದಿ ಸ್ಕ್ರೀನ್‌ಶಾಟ್ ತಗೊಂಡೋರ ಫೋನಿಗೆ ಕಾಂಟ್ರಾಕ್ಟ್ ಕೈ ಹಾಕಲ್ಲ. ಅದು ಬಿಟ್ರೆ ಕೋಡ್ ತಪ್ಪು. ಅದೇ ಪ್ಯಾರಿಟಿಯ ಇನ್ನೊಂದು ಪ್ರಾಡಕ್ಟ್ ಹಲವರು ಸಹಿ ಹಾಕೋ ವಾಲೆಟ್ಟು, ಆ ವಾಲೆಟ್‌ಗಳು ನೆಚ್ಕೊಂಡಿದ್ದ ಒಂದು ಕಾಂಟ್ರಾಕ್ಟನ್ನ 2017ರ ನವೆಂಬರಲ್ಲಿ ಯಾರೋ ಒಬ್ಬರು ತನ್ನ ಹೆಸರಿಗೆ ಮಾಡ್ಕೊಂಡು ಅಳಿಸಿಬಿಟ್ರು, ಐದು ಲಕ್ಷಕ್ಕೂ ಜಾಸ್ತಿ ಈಥರ್, ಅಂದ್ರೆ ಇಥೀರಿಯಂನ ನಾಣ್ಯ, ಯಾರೂ ಮುಟ್ಟೋಕಾಗದಂಗೆ ಕಲ್ಲಾಯ್ತು. ಸಹಿ ಮಾಡೋರೆಲ್ಲಾ ಇದ್ರು, ಅವರ ಕೀಗಳೂ ಇದ್ವು, ಬಾಗಿಲೇ ಮಾಯ.

ನಮ್ಮನೆ ಪಿಡಿಎಫ್‌ಗೆ ಇದೆಲ್ಲಾ ಬೇಕಿತ್ತಾ? ಬ್ಲಾಕ್‌ಚೈನ್ ಖಂಡಿತ ಬೇಡ, ಮೂರು ಜನಕ್ಕೆ ರಿಜಿಸ್ಟರ್ ಯಾಕೆ, ಫೋನ್ ಮಾಡಿದ್ರೆ ಆಯ್ತು. ಒಬ್ಬರನ್ನೊಬ್ಬರು ಪೂರ್ತಿ ನಂಬದ ನಾಲ್ಕಾರು ಸಂಸ್ಥೆಗಳು ಸೇರಿ ಫೈಲ್ ಹಂಚ್ಕೊಳ್ಳೋ ಕಡೆ ಅದಕ್ಕೆ ಅರ್ಥ ಇದೆ. ಶಮೀರ್ ಚೀಟಿ ಮಾತ್ರ ನಾನು ಮಾಡ್ದೆ. ಎಲ್ಲಾ ಪೇಪರ್‌ಗಳನ್ನ ಒಂದು ಫೋಲ್ಡರಲ್ಲಿ ಹಾಕಿ ಉದ್ದದ ಪಾಸ್‌ವರ್ಡ್ ಕೊಟ್ಟು ಲಾಕ್ ಮಾಡಿ, ಲಿನಕ್ಸಲ್ಲಿ ಎಸ್‌ಎಸ್‌ಎಸ್‌ಎಸ್ ಅಂತ ಒಂದು ಹಳೇ ಟೂಲ್ ಇದೆ, ಅದರಿಂದ ಪಾಸ್‌ವರ್ಡನ್ನ ಮೂರು ಚೂರು ಮಾಡಿ, ಇಬ್ಬರು ಸೇರಿದ್ರೆ ಸಾಕು ಅಂತ ಇಟ್ಟು, ಪ್ರಿಂಟ್ ತೆಗೆದು ಕವರಲ್ಲಿ ಹಾಕಿ ಅಣ್ಣನಿಗೊಂದು ಅಕ್ಕನಿಗೊಂದು ಕೊಟ್ಟೆ. ಬ್ಯಾಂಕ್ ಲಾಕರಲ್ಲಿ ಇಡಿ, ಯಾರಿಗೂ ತೋರಿಸ್ಬೇಡಿ ಅಂತ ಎರಡೆರಡು ಸಲ ಹೇಳಿದ್ದೆ.

ಎರಡು ದಿನಕ್ಕೆ ಅಕ್ಕ ಅದರ ಫೋಟೋ ತೆಗೆದು ಗ್ರೂಪಲ್ಲಿ ಹಾಕಿ "ಇದೇನಾ ನೋಡೋ, ಸರಿಯಾಗಿ ಪ್ರಿಂಟಾಗಿದ್ಯಾ?" ಅಂತ ಕೇಳಿದ್ಲು. ಅಲ್ಲಿಗೆ ಅಣ್ಣನ ಹತ್ರ ಎರಡು ಚೂರಾಯ್ತು, ನನ್ನ ಹತ್ರಾನೂ ಎರಡಾಯ್ತು, ಗ್ರೂಪಲ್ಲಿರೋ ಚಿಕ್ಕಪ್ಪ, ಅತ್ತಿಗೆ, ಮಕ್ಕಳಿಗೆಲ್ಲಾ ಒಂದೊಂದು. ಚೂರು ಮಾತ್ರ ಹೊಸದಾಗಿ ಮಾಡಿದ್ರೆ ಪ್ರಯೋಜನ ಇಲ್ಲ, ಹಳೇವು ಎರಡು ಸೇರಿದ್ರೆ ಹಳೇ ಪಾಸ್‌ವರ್ಡ್ ಬಂದೇ ಬರತ್ತೆ, ಹಾಗಾಗಿ ಫೋಲ್ಡರಿನ ಪಾಸ್‌ವರ್ಡೇ ಬದಲಾಯಿಸಿ ಮತ್ತೆ ಮೂರು ಚೂರು, ಮತ್ತೆ ಮೂರು ಪ್ರಿಂಟು. ಈ ಸಲ ಅಕ್ಕನ ಕವರನ್ನ ನಾನೇ ಅಂಟು ಹಾಕಿ ಅಂಟಿಸಿ ಕೊಟ್ಟಿದೀನಿ.